ಏರಿಯ ಮೇಲಿನ ಶಾಸನ

ರಾಣಿಯ ಕೋಟೆ ಶತ್ರುವಿನ ವಶವಾಗಿ ತಿಂಗಳಾಗಿತ್ತು. ರಾಣಿ ಏನಾದಳೋ ಯಾರಿಗೂ ತಿಳಿಯದು. ಅವಳು ಕಟ್ಟಿಸಿದ ಕೆರೆಯ ಏರಿಯ ಮೇಲೆ, ಅವಳ ಹೆಸರು ಹೊತ್ತ ಶಾಸನದ ಮುಂದೆ ಕಲ್ಲುಕುಟಿಗ ಬಮ್ಮೋಜ ಉಳಿಯನ್ನು ಕಲ್ಲಿಗೆ ತಾಗಿಸುತ್ತ, ಮತ್ತೆ ಹಿಂದೆಗೆಯುತ್ತ ಕೂತಿದ್ದ.

"ಏನಯ್ಯಾ, ಕಲ್ಲಿಗೆ ಕಚಗುಳಿ ಇಡ್ತಿದೀಯಾ?" ಹೊಸ ದೊರೆಯ ಭಟ ನಕ್ಕ. "ಹೊತ್ತು ಮುಳುಗೋದರೊಳಗೆ ಆ ಹೆಂಗಸಿನ ಹೆಸರು ಹೋಗಬೇಕು. ಇಲ್ಲಾಂದ್ರೆ ನಿನ್ನ ಕೈ ಹೋಗುತ್ತೆ." ಹಾಗೆಂದು ಕುದುರೆಗೆ ನೀರು ಕುಡಿಸಲು ಕೆಳಗಿಳಿದ.

ಆ ಕಲ್ಲಿನ ಕೊನೆಯ ಸಾಲನ್ನು ಕೆತ್ತಿದವನು ಬಮ್ಮೋಜನೇ. ಈ ಹೆಸರನ್ನು ಅಳಿಸಿದವರ ವಂಶ ನಿರ್ವಂಶವಾಗಲಿ ಎಂದು ರಾಣಿಯೇ ಕೋಟೆಯಿಂದ ಹೇಳಿಕಳಿಸಿ ಬರೆಸಿದ ಶಾಪ ಅದು. ಮನೆಯಲ್ಲಿ ಅವನ ಮಗಳು ತುಂಬಿದ ಬಸುರಿ.

ಸೌದೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಹೊರೆ ಇಳಿಸಿ ನಿಂತಳು. "ಯಾಕಪ್ಪಾ ಅಳ್ತೀಯಾ?"

ಅವನು ಎಲ್ಲವನ್ನೂ ಹೇಳಿಕೊಂಡ.

"ಕೊಡಿಲ್ಲಿ ಆ ಉಳೀನ."

"ಬ್ಯಾಡ ಕಣವ್ವಾ! ನಿನಗೂ ಮಕ್ಕಳಿರ್ತವೆ."

"ಇದ್ದೊಬ್ಬ ಮಗ ಕೋಟೆ ಬಾಗಿಲಲ್ಲೇ ಹೋದ."

ಅವಳು ಹುಡುಕಾಡಲಿಲ್ಲ. ಅಷ್ಟು ಸಾಲುಗಳ ನಡುವೆ ನೇರವಾಗಿ ಆ ಹೆಸರಿನ ಮೇಲೇ ಉಳಿಯಿಟ್ಟು ಹೊಡೆದಳು. ಅಕ್ಷರಗಳು ಪುಡಿಯಾಗಿ ಅವಳ ಮಡಿಲಿಗೆ ಉದುರಿದವು.

ಬಮ್ಮೋಜ ಅವಳ ಕಾಲು ಹಿಡಿದುಕೊಂಡ. "ಸಾಕು ನಿಲ್ಸವ್ವಾ! ಬರೆಸಿದವಳು ಸಾಮಾನ್ಯದವಳಲ್ಲ. ಅವಳ ಶಾಪ ಸುಮ್ಮನೆ ಬಿಡಾಕಿಲ್ಲ."

"ಗೊತ್ತು ಮಗಾ," ಅವಳು ಕೊನೆಯ ಅಕ್ಷರಕ್ಕೆ ಉಳಿಯಿಟ್ಟಳು. "ಬರೆಸೋವಾಗ ಅದು ನನಗೇ ತಗಲುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ."