ರುಚಿ ನೋಡುವ ಹೊಟ್ಟೆ

ಮಕ್ಕಳ ಹಸಿವಿನ ವಿರುದ್ಧ ವರ್ಷಗಟ್ಟಲೆ ಹೋರಾಡಿಕೊಂಡು ಬಂದವರನ್ನು ಅವರ ಹೆಂಡತಿಯೇ ಶಾಲೆಯ ಉಗ್ರಾಣಕ್ಕೆ ನೂಕಿ, ಅಕ್ಕಿಮೂಟೆಗಳ ನಡುವೆ ಕೂರಿಸಿ, ಬಾಗಿಲು ಎಳೆದುಕೊಳ್ಳುತ್ತಿದ್ದಳು.

"ನಾನೇನು ಕಳ್ಳನಾ?" ಎಂದರು ಅವರು.

"ಕಳ್ಳ ಆಗಿದ್ರೆ ಚಿಂತೆ ಇರ್ಲಿಲ್ಲ ರೀ. ಕಳ್ಳರು ಸಣ್ಣಗಿರ್ತಾರೆ." ಅವಳು ಗಂಡನ ಹೊಟ್ಟೆಯತ್ತ ಬೆರಳು ಮಾಡಿದಳು. "ಹೋದ ಸಲ ಬಂದ ದಾನಿಗಳು ಇದನ್ನ ನೋಡಿದ್ರು, ಆಮೇಲೆ ಮಕ್ಕಳನ್ನ ನೋಡಿದ್ರು, 'ವಿಚಾರ ಮಾಡ್ತೀವಿ' ಅಂದ್ರು. ಇವತ್ತಿಗೂ ವಿಚಾರ ಮಾಡ್ತಾನೇ ಇದಾರೆ. ಇವತ್ತು ಬರೋ ಮೇಡಮ್ಮೂ ಹಾಗೇ ಹೋದ್ರೆ ಹಳಿಯಾಚೆ ಅಡುಗೆಮನೆ ಈ ಜನ್ಮದಲ್ಲಿ ಆಗಲ್ಲ."

ರೈಲುಹಳಿಯಾಚೆಯ ಶಾಲೆಯಲ್ಲಿ ಮಕ್ಕಳು ಮಧ್ಯಾಹ್ನ ನಲ್ಲಿ ನೀರು ಕುಡಿದು ಮತ್ತೆ ಪಾಠಕ್ಕೆ ಕೂರುವುದನ್ನು ಅವರು ಕಣ್ಣಾರೆ ಕಂಡಿದ್ದರು. ಇನ್ನೊಂದು ಅಡುಗೆಮನೆ ಆಗದೆ ಅಲ್ಲಿಗೆ ಊಟ ಮುಟ್ಟುವಂತಿರಲಿಲ್ಲ. ಹೊಟ್ಟೆಯ ವಿಷಯದಲ್ಲಿ ಮಾತ್ರ ಅವರು ನಿರಪರಾಧಿ. ಒಮ್ಮೆ ಹಳಸಿದ ಕಾಳು ಮಕ್ಕಳ ತಟ್ಟೆಗೆ ಬಿದ್ದು ರಂಪವಾದ ಮೇಲೆ, ಸಂಸ್ಥೆ ಊಟ ಕೊಡುವ ಎಲ್ಲ ಶಾಲೆಗಳಲ್ಲೂ ಮೊದಲ ತುತ್ತು ತಮ್ಮದೇ ಎಂದು ನಿಯಮ ಮಾಡಿದ್ದರು. ಆರು ಶಾಲೆ, ಒಂದಾದ ಮೇಲೊಂದು ಊಟ. ಒಂದೇ ತುತ್ತಿಗೆ ರುಚಿ ತಿಳಿಯುವುದಿಲ್ಲ ಎಂಬುದು ಅವರ ವಾದ. ಮಕ್ಕಳು ಅವರನ್ನು ಕರೆಯುತ್ತಿದ್ದುದೇ ಡೊಳ್ಳು ಮಾಮ ಎಂದು.

"ಸಂಸ್ಥೆ ಕಟ್ಟಿದವರು ಎಲ್ಲಿ ಅಂತ ಆಕೆ ಕೇಳಿದ್ರೆ?"

"ನನ್ನ ತಮ್ಮ ಇದಾನಲ್ಲ."

ತಮ್ಮ ಬಾಗಿಲ ಹೊರಗೆ ನಿಂತಿದ್ದ. ಸಂಸ್ಥೆಯ ಕಚೇರಿ ಬಿಟ್ಟು ಕದಲಿದವನಲ್ಲ, ಮಕ್ಕಳು ಅವನನ್ನು ನೋಡಿಯೇ ಇರಲಿಲ್ಲ. ಮೊದಲೇ ಕಡ್ಡಿಪೈಲ್ವಾನ, ಹುಳಿತೇಗಿನ ಕಾಟದಿಂದ ಒಣ ಬ್ರೆಡ್ಡು ತಿಂದು ದಿನ ದೂಡುತ್ತಿದ್ದ. ಭಾವನ ಕೋಟು ತೊಟ್ಟಿದ್ದ, ಅದರೊಳಗೆ ಇನ್ನೂ ಇಬ್ಬರಿಗೆ ಜಾಗವಿತ್ತು.

"ಮುಖದಲ್ಲಿ ಸ್ವಲ್ಪ ತ್ಯಾಗ ಕಾಣ್ಬೇಕು ಕಣೋ," ಎಂದಳು ಅಕ್ಕ.

"ಇರೋದು ಬರೀ ಹೊಟ್ಟೆಉರಿ ಅಕ್ಕಾ."

"ಅದೇ ಸಾಕು."

ಮೇಡಂ ಬಂದರು. ಡೊಳ್ಳು ಮಾಮ ಬಾಗಿಲ ಸಂದಿಗೆ ಕಣ್ಣು ಕೊಟ್ಟರು. "ಇವರೇ ನೋಡಿ ಸಂಸ್ಥೆ ಕಟ್ಟಿದವರು. ತಮಗೆ ಅಂತ ಏನೂ ಇಟ್ಕೊಂಡವರಲ್ಲ," ಎನ್ನುತ್ತಿದ್ದಳು ಹೆಂಡತಿ. "ಕಾಣತ್ತೆ," ಎಂದರು ಮೇಡಂ, ಮರುಕದಿಂದ. ಬೆಂಚುಗಳ ಮೇಲೆ ಮಕ್ಕಳು, ಮುಂದೆ ಹಬೆಯಾಡುವ ಅನ್ನ, ಕಾಳು. ಭಾವಮೈದನ ಕೈಗೂ ಒಂದು ತಟ್ಟೆ ಬಂತು. ಅವನು ಒಂದು ಚಮಚ ಬಾಯಿಗಿಟ್ಟ. ಕಾಳಿನ ಖಾರ ಗಂಟಲಿಳಿದು ಹಳೆಯ ಬೆಂಕಿಯನ್ನು ಎಬ್ಬಿಸಿತು. ಹರಳೆಣ್ಣೆ ಕುಡಿದವನಂತೆ ಮುಖ ಕಿವಿಚಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಚೆನ್ನಾಗಿದೆ," ಎಂದ.

ಕೈಯಲ್ಲಿದ್ದ ಚಮಚಗಳನ್ನು ಮಕ್ಕಳೆಲ್ಲ ಕೆಳಗಿಟ್ಟರು.

"ಯಾಕೆ ಯಾರೂ ತಿಂತಿಲ್ಲ? ಊಟದಲ್ಲಿ ಏನಾದ್ರೂ..."

"ಶಿಸ್ತು ಮೇಡಂ," ಹೆಂಡತಿ ನಡುವೆ ಬಾಯಿ ಹಾಕಿದಳು. "ನಮ್ಮಲ್ಲಿ ಶಿಸ್ತು ಜಾಸ್ತಿ."

"ಶಿಸ್ತಲ್ಲ," ಮುಂದಿನ ಬೆಂಚಿನ ಜಡೆಯ ಹುಡುಗಿ ಹೇಳಿದಳು. "ಡೊಳ್ಳು ಮಾಮ ಇನ್ನೂ ತಿಂದಿಲ್ಲ."

"ಡೊಳ್ಳು ಮಾಮ ಅಂದ್ರೆ ಯಾರು?"

"ಅದು... ಮಕ್ಕಳ ಕಥೇಲಿ ಬರೋರು ಮೇಡಂ," ಎಂದಳು ಹೆಂಡತಿ.

ಹೊರಗೆ ಹೋದರೆ ಹಳಿಯಾಚೆಯ ಅಡುಗೆಮನೆ ಕೈಬಿಟ್ಟಂತೆ. ಹೋಗದಿದ್ದರೆ ಈ ಅನ್ನ ತಣ್ಣಗಾದಂತೆ. ಡೊಳ್ಳು ಮಾಮ ಸಂದಿಯಿಂದ ಕಣ್ಣು ತೆಗೆಯದೆ, ತುಟಿ ಕಚ್ಚಿ ತಡೆದುಕೊಂಡರು. ಅಷ್ಟರಲ್ಲಿ ಎಲ್ಲರಿಗಿಂತ ಚಿಕ್ಕವನೊಬ್ಬ, ತಟ್ಟೆಯ ಮೇಲೆ ನೆಟ್ಟ ಕಣ್ಣು ಕೀಳದೆ, ಬಾಯಲ್ಲಿ ಊರಿದ ನೀರನ್ನು ನುಂಗಿಕೊಂಡ. ಅಷ್ಟು ದೂರಕ್ಕೆ ಅದರ ಸದ್ದು ಬರುವುದುಂಟೆ? ಅವರಿಗೆ ಕೇಳಿಸಿತು.

ಬಾಗಿಲು ತೆರೆಯಿತು. ಮೊದಲು ಹೊಟ್ಟೆ ಬಂತು, ಹಿಂದೆ ಅವರು ಬಂದರು. ಯಾರ ಮುಖವನ್ನೂ ನೋಡದೆ ನೇರ ಹೋಗಿ ಭಾವಮೈದನ ತಟ್ಟೆ ಕಿತ್ತುಕೊಂಡು ಒಂದು ತುತ್ತು ತಿಂದರು. ಇನ್ನೊಂದು ತುತ್ತು ತಿಂದರು. "ಹೂಂ, ನಡೀಲಿ," ಎಂದರು. ಸಾಲು ಸಾಲು ತಲೆಗಳು ಒಟ್ಟಿಗೇ ತಟ್ಟೆಯ ಮೇಲೆ ಬಾಗಿದವು.

ಮೇಡಂ ಹೊಟ್ಟೆಯನ್ನು ನೋಡಿದರು, ಆಮೇಲೆ ಮಕ್ಕಳನ್ನು ನೋಡಿದರು. ಈ ನೋಟದ ಪರಿಚಯವಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಕಥೇಲಿ ಬರೋರು ಇವರೇನಾ?"

"ತಪ್ಪಾಯ್ತು ಮೇಡಂ. ಸಂಸ್ಥೆ ನಂದೇ, ಹೊಟ್ಟೆನೂ ನಂದೇ. ಇವತ್ತಿಗೆ ಇದು ನಾಲ್ಕನೇ ಊಟ, ಇನ್ನೂ ಎರಡು ಶಾಲೆ ಬಾಕಿ."

"ಹಳಿಯಾಚೆ ಶಾಲೆನೂ ಸೇರಿದ್ರೆ?"

"ಏಳು."

ಮೇಡಂ ಡೊಳ್ಳು ಮಾಮನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. "ತಡ್ಕೊಳ್ಳಲ್ಲ ಅನ್ಸತ್ತೆ. ಅಡುಗೆಮನೆ ನಾನು ಕಟ್ಟಿಸಿಕೊಡ್ತೀನಿ. ಅಂಗಿ ನೀವೇ ಹೊಲಿಸ್ಕೋಬೇಕು."

ಹೆಂಡತಿ ಕಣ್ಣು ತೆರೆದು, ಗಂಡನನ್ನು ಬಿಟ್ಟು ಮೇಡಂಗೆ ಕುರ್ಚಿ ತರಲು ಓಡಿದಳು.

ಭಾವಮೈದನನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಕೋಟಿನೊಳಗೆ ಕಳೆದುಹೋದವನಂತೆ ಅವನು ಗೋಡೆಗಂಟಿ ನಿಂತಿದ್ದ. ಜಡೆಯ ಹುಡುಗಿ ಎದ್ದು ಬಂದು, ಉದ್ದ ತೋಳು ಹಿಡಿದೆಳೆದು ಬೆಂಚಿನ ಮೇಲೆ ಕೂರಿಸಿಕೊಂಡಳು. ಒಂದು ಖಾಲಿ ತಟ್ಟೆ ತಂದು, ತನ್ನ ಅನ್ನದಲ್ಲಿ ಕಾಳು ಸೋಕದ ಅರ್ಧವನ್ನು ಅದಕ್ಕೆ ದೂಡಿದಳು.

"ತಿನ್ನಿ ಅಂಕಲ್, ನಾಚ್ಕೋಬೇಡಿ," ಎಂದಳು ಮೆಲ್ಲಗೆ. "ಮೊದಲ್ನೇ ದಿನ ಎಲ್ರಿಗೂ ಹೀಗೇ ಆಗತ್ತೆ."