ಇಬ್ಬರದೂ ಒಂದೇ ಪುಟ

ಇಬ್ಬರು ವಿದ್ಯಾರ್ಥಿನಿಯರ ವೆಬ್ ಪುಟಗಳು ಅಕ್ಷರಕ್ಕೆ ಅಕ್ಷರ ಒಂದೇ ಇದ್ದವು. ಅಧ್ಯಾಪಕರ ಕಣ್ಣು ಹೋದದ್ದು ಇಬ್ಬರಲ್ಲಿ ಹಿಂದಿನ ಬೆಂಚಿನ ಹೆಂಗಸಿನ ಮೇಲೆ. ಅದೇ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ವರ್ಷ ಕಸ ಗುಡಿಸಿದ್ದವಳು, ಈ ವರ್ಷ ಅಲ್ಲೇ ಓದಲು ಸೇರಿದ್ದಳು.

“ಯಾರದ್ದು ನೋಡಿ ಬರೆದೆ? ಕಾಪಿ ಮಾಡಿದವರನ್ನ ಕೋರ್ಸಿನಿಂದಲೇ ತೆಗೀತಾರೆ, ಗೊತ್ತಲ್ಲ?”

“ನಾನೇ ಬರೆದಿದ್ದು ಸಾರ್.”

“ಹಾಗಾದ್ರೆ ಇಬ್ರೂ ಬನ್ನಿ. ಆ ಪುಟದಲ್ಲಿರೋ ಫಾರಂ ಕೋಡ್ ಬೋರ್ಡ್ ಮೇಲೆ ಬರೀರಿ.”

ಹೆಂಗಸು ಬರೆಯತೊಡಗಿದಳು. ಅಕ್ಷರ ಸೊಟ್ಟಗಿದ್ದರೂ ಒಂದು ಸಾಲೂ ತಪ್ಪಲಿಲ್ಲ. ಪಕ್ಕದಲ್ಲಿದ್ದ ಹುಡುಗಿಯ ಕೈ ಮೊದಲ ಸಾಲಿಗೇ ನಿಂತಿತು. ಮೊನ್ನೆ “ಅಕ್ಕಾ, ಒಂದ್ಸಲ ನೋಡಿ ಕೊಡ್ತೀನಿ” ಎಂದು ಹೆಂಗಸಿನ ಪೆನ್‌ಡ್ರೈವ್ ಒಯ್ದವಳು ಅವಳೇ. ಹೆಂಗಸು ಮಾತ್ರ ಅದನ್ನು ಅಧ್ಯಾಪಕರಿಗೆ ಹೇಳಿರಲಿಲ್ಲ. ಹೇಳಿದರೂ ತನ್ನ ಮಾತು ಯಾರು ನಂಬುತ್ತಾರೆ?

ಹುಡುಗಿ ಸೀಮೆಸುಣ್ಣ ಕೆಳಗಿಟ್ಟಳು. “ಸಾರ್, ಕಾಪಿ ಹೊಡೆದಿದ್ದು ನಾನು. ಅಕ್ಕನ ತಪ್ಪಿಲ್ಲ.”

ಅಧ್ಯಾಪಕರು ಹೆಂಗಸಿನ ಕಡೆ ತಿರುಗಿ ತಡವರಿಸಿದರು. “ನೀವು... ನೀವು ಹೋಗಿ ಕೂತ್ಕೊಳ್ಳಿ ಅಮ್ಮ.”

ಅವಳು ಕದಲಲಿಲ್ಲ. “ಇನ್ನೆರಡು ಸಾಲು ಬಾಕಿ ಇದೆ ಸಾರ್,” ಎಂದು ಬೋರ್ಡಿನ ಕಡೆ ತಿರುಗಿ ಬರವಣಿಗೆ ಮುಂದುವರಿಸಿದಳು.