ಬಕೆಟ್ಟಿನಲ್ಲಿ ಛತ್ರಿ ಗಿಡ

ನಾನು ಹಿತ್ತಲಲ್ಲಿ ಸದ್ದಿಲ್ಲದೆ ಛತ್ರಿ ಗಿಡದ, ಕೊಡೆಯಂತೆ ಎಲೆ ಹರಡಿದ ತಲೆಗಳನ್ನು ಕತ್ತರಿಸಿ, ಬಕೆಟ್ಟಿನ ನೀರಿಗೆ ತಲೆಕೆಳಗಾಗಿ ಇಳಿಸುತ್ತಿದ್ದೆ. ನನ್ನನ್ನು ನೋಡಲು ಬಂದವರು ಒಳಗೆ ಕಾಫಿ ಕುಡಿಯುತ್ತಿದ್ದರು. ಈ ಸಂಬಂಧ ನನಗೆ ಬೇಡವಾಗಿತ್ತು. ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ.

ಹುಡುಗನ ತಾಯಿ ಹಿತ್ತಲಿಗೆ ಬಂದರು.

“ಏನವ್ವಾ, ಗಿಡದ ತಲೆಬುಡಾನೂ ಗೊತ್ತಿಲ್ವಾ ನಿಂಗೆ?”

“ಸ್ಕೂಲ್ ಬಿಟ್ಟೋಳು, ನಂಗೇನ್ ಗೊತ್ತಾಗುತ್ತೆ ಅಮ್ಮ?” ಎಂದೆ, ಮುಖ ಎತ್ತದೆ.

“ನಾಳೆ ನನ್ ಮಗನ್ನೂ ಹಿಂಗೇ ತಲೆಕೆಳಗೆ ನಿಲ್ಲಿಸ್ತೀಯ! ಈ ಹುಡುಗಿ ನಮ್ಗೆ ಬೇಡ” ಎಂದು ಅವರು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟರು.

ಮೊಬೈಲ್ ಮರೆತೆನೆಂದು ಹುಡುಗ ಒಬ್ಬನೇ ವಾಪಸ್ ಬಂದ. ಬಕೆಟ್ಟಿನೊಳಗೆ ಬಗ್ಗಿ ನೋಡಿ, ಮೆಲ್ಲಗೆ ಹೇಳಿದ:

“ಹಿಂಗಿಟ್ರೇನೇ ಇದು ಬೇರು ಬಿಡೋದು ಅಂತ ನಿಮಗೆ ಚೆನ್ನಾಗಿ ಗೊತ್ತು. ಅಮ್ಮಂಗೆ ಹೇಳಲ್ಲ. ನಂಗೂ ಒಂದು ತಲೆ ಕೊಡ್ತೀರಾ?”